ಸಾಗವಾನಿ ತಂದರೂ ಟೀಪಾಯಿ ಸೀಳಿದ್ದೇಕೆ? ಹವ್ಯಾಸಿಗೆ ಒಳ್ಳೆಯ ಕಟ್ಟಿಗೆ ಎಲ್ಲಿ ಸಿಗುತ್ತೆ?

ಪ್ರಶ್ನೆ: ನಾನು ವಿಜಯಪುರದಲ್ಲಿ ಕಾಲೇಜು ಉಪನ್ಯಾಸಕಿ. ರಜೆ ದಿನಗಳಲ್ಲಿ ಮರಗೆಲಸ ಮಾಡುವ ಹವ್ಯಾಸ ಇದೆ. ಕಳೆದ ಆಗಸ್ಟ್‌ನಲ್ಲಿ ಬೆಳಗಾವಿಯ ಒಂದು ಕಟ್ಟಿಗೆ ಅಡ್ಡೆಯಿಂದ ಸಾಗವಾನಿ ಹಲಗೆ ತಂದೆ. ಎಂಟೆಂಟು ಇಂಚಿನ ಮೂರು ಹಲಗೆ ಜೋಡಿಸಿ ಟೀಪಾಯಿ ಮಾಡಿದೆ. ಮೇಲಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಫೆವಿಕಾಲ್ ಹಚ್ಚಿ, ಸ್ಕ್ರೂ ಬಿಗಿದು ಕೂರಿಸಿದೆ. ಮಾರ್ಚ್‌ನಲ್ಲಿ ನಡುವೆ ಉದ್ದಕ್ಕೂ ಸೀಳು ಬಿತ್ತು. ಹೊರಗಿನ ಒಂದು ಹಲಗೆಯ ಅಂಚು ಮೇಲೆದ್ದಿದೆ. 'ನಿಮಗೆ ಮೋಸ ಆಗಿದೆ, ನಿಜವಾದ ಸಾಗವಾನಿ ಬಾಗೋದೇ ಇಲ್ಲ' ಅಂತ ನೋಡಿದವರೆಲ್ಲ ಹೇಳುತ್ತಾರೆ. ಇನ್ನೊಂದು ಸಮಸ್ಯೆ: ಜಮಖಂಡಿ ಹತ್ತಿರದ ನಮ್ಮ ತವರಿನ ಹೊಲದಲ್ಲಿ ಬಿದ್ದ ಬೇವಿನ ಮರವನ್ನು ಹಲಗೆ ಮಾಡಿಸಿದೆವು. ಅದರಿಂದ ಈಗ ಬಿಳಿ ಹಿಟ್ಟು ಉದುರುತ್ತಿದೆ. ಬೇವಿಗೆ ಹುಳ ಬೀಳಲ್ಲ ಅಂತಾರಲ್ಲ? ಮುಂದೆ ಪುಸ್ತಕದ ಕಪಾಟು ಮಾಡಬೇಕೆಂದಿದ್ದೇನೆ. ನನ್ನಂಥವರಿಗೆ ಸ್ವಲ್ಪ ಸ್ವಲ್ಪವೇ ಒಳ್ಳೆಯ ಕಟ್ಟಿಗೆ ಎಲ್ಲಿ ಸಿಗುತ್ತೆ? ಒಳ್ಳೆಯದು ಅಂತ ಗುರುತಿಸೋದು ಹೇಗೆ? (ಫೋಟೋ ಕಳಿಸಿದ್ದೇನೆ.)

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮಗೆ ಕೊಟ್ಟಿದ್ದು ಸಾಗವಾನಿಯೇ. ಫೋಟೋದಲ್ಲಿ ಹಲಗೆಯ ತುದಿ ಚೆನ್ನಾಗಿ ಕಾಣುತ್ತದೆ. ಒಂದೊಂದು ವರ್ಷದ ಉಂಗುರ ಶುರುವಾಗುವ ಕಡೆ ಸಣ್ಣ ತೂತುಗಳು ಸಾಲಾಗಿ ನಿಂತಿವೆ. ಹೊಂಬಣ್ಣದ ಕಂದು, ನಡುವೆ ಅಲ್ಲಲ್ಲಿ ಕಪ್ಪು ಗೆರೆ. ಇದು ಸಾಗವಾನಿಯ ಗುರುತು. ಆದರೆ ಅದೇ ಫೋಟೋದಲ್ಲಿ ಇನ್ನೂ ಮೂರು ಸಂಗತಿ ಕಾಣುತ್ತವೆ. ಅಂಚು ಮೇಲೆದ್ದ ಹಲಗೆಯ ಒಂದು ಬದಿಗೆ ಎರಡು ಬೆರಳಗಲ ಬಿಳಿ ಪಟ್ಟಿ ಇದೆ, ಅಂದರೆ ತೊಗಟೆಗೆ ಅಂಟಿದ ಹೊರಭಾಗದ ಮರ. ಅದೇ ಹಲಗೆಯ ತುದಿಯಲ್ಲಿ ಉಂಗುರಗಳು ಕಮಾನಾಗಿ ಬಾಗಿವೆ. ಮತ್ತೆ ಸೀಳು ಬಿದ್ದಿರುವುದು ಅಂಟಿನ ಗೆರೆಯಲ್ಲಿ ಅಲ್ಲ, ಅದರ ಪಕ್ಕದ ಮರದಲ್ಲಿ. ಅಂದರೆ ನಿಮ್ಮ ಜೋಡಣೆ ಗಟ್ಟಿಯಾಗಿದೆ, ಅಂಟು ಬಿಟ್ಟಿಲ್ಲ. ಮರ ತಾನೇ ಹರಿದಿದೆ.

ನೀವು ಕೇಳಿದ್ದು ಒಳ್ಳೆಯ ಕಟ್ಟಿಗೆ ಎಲ್ಲಿ ಸಿಗುತ್ತೆ ಅಂತ. ಅದಕ್ಕೆ ಖಂಡಿತ ಬರುತ್ತೇನೆ. ಆದರೆ ಹರಿದದ್ದು ಯಾಕೆ ಅಂತ ತಿಳಿಯದೆ ಹೋದರೆ ಎಷ್ಟು ಒಳ್ಳೆಯ ಅಡ್ಡೆಗೆ ಹೋದರೂ ಮುಂದಿನ ಕಪಾಟಿಗೂ ಇದೇ ಗತಿ ಆದೀತು. ಬೆಳಗಾವಿಯಲ್ಲಿ ಪೀಠೋಪಕರಣದ ಕೆಲಸ ಮಾಡಿಸುತ್ತಾ ಬಂದ ನನ್ನ ಅನುಭವದಲ್ಲಿ, ಗಿರಾಕಿಗಳು ಮರದ ಜಾತಿಯ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಎಷ್ಟು ಒಣಗಿದೆ ಅಂತ ಕೇಳುವವರು ತೀರಾ ಕಡಿಮೆ. ಮೊದಲು ಕೇಳಬೇಕಾದದ್ದು ಅದನ್ನೇ.

ಬೆಳಗಾವಿಯ ಮಳೆ, ವಿಜಯಪುರದ ಬಿಸಿಲು

ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವ ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ಡಬ್ಬಿಯ ಹೊರಗಿಟ್ಟ ಹಪ್ಪಳ ಮೆತ್ತಗಾಗುತ್ತದಲ್ವಾ, ಹಾಗೇ ಇದೂ. ಗಾಳಿಯಲ್ಲಿ ಶೇ. 80ರಷ್ಟು ತೇವ ಇದ್ದರೆ ಮರದೊಳಗೆ ನಿಧಾನವಾಗಿ ಸುಮಾರು ಶೇ. 16ರಷ್ಟು ನೀರು ನಿಲ್ಲುತ್ತದೆ. ಗಾಳಿಯ ತೇವ ಶೇ. 65 ಇದ್ದರೆ ಮರದಲ್ಲಿ ಸುಮಾರು 12. ಶೇ. 30ಕ್ಕೆ ಇಳಿದರೆ ಮರದಲ್ಲಿ 6 ಮಾತ್ರ. ಸಾಗವಾನಿ, ಬೇವು, ಮತ್ತಿ, ಎಲ್ಲಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ.

ಈಗ ನಿಮ್ಮ ಹಲಗೆಯ ಪ್ರಯಾಣ ನೋಡಿ. ಆಗಸ್ಟ್‌ನಲ್ಲಿ ಬೆಳಗಾವಿ ಅಂದರೆ ಹೊರಗೆ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗದ ಕಾಲ. ತಗಡಿನ ಸೂರಿನ ಕೆಳಗೆ ನಿಲ್ಲಿಸಿದ್ದ ಹಲಗೆಯಲ್ಲಿ ಶೇ. 15 ತೇವ ಇದ್ದರೆ ಅದು ಕಡಿಮೆಯೇ. ಅಲ್ಲಿಂದ ಅದು ವಿಜಯಪುರಕ್ಕೆ ಬಂತು. ಮಾರ್ಚ್ ಬಂದಾಗ ನಿಮ್ಮ ಮನೆಯ ಒಣ ಗಾಳಿಗೆ ಶೇ. 7ರ ಹತ್ತಿರ ಇಳಿದಿರುತ್ತದೆ. ನಮ್ಮ ಈ ಭಾಗದಲ್ಲಿ ಹವೆ ಎಷ್ಟು ಬದಲಾಗುತ್ತದೆಂದರೆ, ಬೆಳಗಾವಿ ಜಿಲ್ಲೆಯೊಂದರಲ್ಲೇ ಕಣಕುಂಬಿಯ ಜಡಿಮಳೆಯೂ ಇದೆ, ಅಥಣಿಯ ಒಣ ಸೀಮೆಯೂ ಇದೆ. ಕಣಕುಂಬಿ ಕಡೆ ನೆಟ್ಟಗಿದ್ದ ಹಲಗೆ ಅಥಣಿಯಲ್ಲಿ ನೆಟ್ಟಗೆ ಉಳಿಯುತ್ತದೆ ಅಂತ ಹೇಳಲಾಗದು.

ಒಣಗುವಾಗ ಮರ ಎಲ್ಲಾ ಕಡೆ ಒಂದೇ ಸಮ ಕುಗ್ಗಿದ್ದರೆ ತೊಂದರೆ ಇರಲಿಲ್ಲ. ಉದ್ದಕ್ಕೆ ಅದು ಕುಗ್ಗುವುದೇ ಇಲ್ಲ ಅನ್ನಬಹುದು. ಅಗಲಕ್ಕೆ ಕುಗ್ಗುತ್ತದೆ. ಅದರಲ್ಲೂ ಉಂಗುರದ ಸುತ್ತಿನ ದಿಕ್ಕಿಗೆ ಕುಗ್ಗುವುದು, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಎರಡು ಪಟ್ಟು. ಸಾಗವಾನಿಯಲ್ಲಿ ಹಸಿಯಿಂದ ಪೂರ್ತಿ ಒಣಗುವವರೆಗೆ ಸುತ್ತಿನ ದಿಕ್ಕಿಗೆ ಸುಮಾರು ಶೇ. 5.8, ಇನ್ನೊಂದು ದಿಕ್ಕಿಗೆ ಶೇ. 2.5. ನಿಮ್ಮ ಟೀಪಾಯಿಯ ಅಗಲ 24 ಇಂಚು. ಉಂಗುರಗಳು ಮಲಗಿರುವ (ತುದಿಯಲ್ಲಿ ನೋಡಿದರೆ ಗೆರೆಗಳು ಅಗಲಕ್ಕೆ ಹರಡಿರುವ) ಹಲಗೆಗಳು ಶೇ. 15ರಿಂದ 7ಕ್ಕೆ ಒಣಗಿದರೆ ಆ 24 ಇಂಚಿನಲ್ಲಿ ಹೆಚ್ಚುಕಡಿಮೆ 10 ಮಿಲಿಮೀಟರ್ ಕಡಿಮೆಯಾಗುತ್ತದೆ. ಉಂಗುರಗಳು ನಿಂತಿರುವ (ಗೆರೆಗಳು ದಪ್ಪದ ದಿಕ್ಕಿಗೆ ನೇರ ಇರುವ) ಹಲಗೆಗಳಾಗಿದ್ದರೆ 4 ಮಿಲಿಮೀಟರ್‌ಗಿಂತ ತುಸು ಜಾಸ್ತಿ, ಅಷ್ಟೇ.

ಹತ್ತು ಮಿಲಿಮೀಟರ್ ಕುಗ್ಗಲು ಹೊರಟ ಹಲಗೆಯನ್ನು ನೀವು ಸುತ್ತಲೂ ಅಂಟು ಹಾಕಿ, ಸ್ಕ್ರೂ ಬಿಗಿದು ಹಿಡಿದಿದ್ದೀರಿ. ಕೆಳಗಿನ ಅಡ್ಡಪಟ್ಟಿ ತನ್ನ ಉದ್ದಕ್ಕೆ ಕುಗ್ಗುವುದಿಲ್ಲ. ಮೇಲಿನ ಹಲಗೆಗೆ ಕುಗ್ಗದೆ ಗತಿಯಿಲ್ಲ. ಕೊನೆಗೆ ಎಲ್ಲಿ ದುರ್ಬಲವೋ ಅಲ್ಲಿ ಹರಿಯಿತು. ಅಂಚು ಮೇಲೆದ್ದದ್ದೂ ಇದೇ ಕಾರಣಕ್ಕೆ. ಕಮಾನಿನಂಥ ಉಂಗುರವಿರುವ ಹಲಗೆ ಒಣಗಿದರೆ ತೊಗಟೆಯ ಕಡೆಯ ಮುಖದ ಅಂಚುಗಳು ಏಳುತ್ತವೆ. ನೀವು ಆ ಮುಖವನ್ನು ಮೇಲೆ ಮಾಡಿ ಕೂರಿಸಿದ್ದೀರಿ.

ಹಾಗಾಗಿ ಅಡ್ಡೆಯವರು ಮರದ ಜಾತಿಯಲ್ಲಿ ಮೋಸ ಮಾಡಿಲ್ಲ. ಬಿಳಿ ಪಟ್ಟಿ ಇರುವ, ಸರಿಯಾಗಿ ಒಣಗದ ಹಲಗೆಯನ್ನು ಏನೂ ಹೇಳದೆ ಕೊಟ್ಟರು, ಅದು ನಿಜ. ನೀವೂ ಕೇಳಲಿಲ್ಲ.

ನಿಜವೆಷ್ಟು, ಬರೀ ಮಾತೆಷ್ಟು

'ಸಾಗವಾನಿ ಬಾಗೋದಿಲ್ಲ' ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಬೇರೆ ಮರಗಳಿಗೆ ಹೋಲಿಸಿದರೆ ಅದು ಕಡಿಮೆ ಕುಗ್ಗುತ್ತದೆ. ಆದರೆ ಹಿರಿಯರು ನೋಡಿದ ಸಾಗವಾನಿ ದಾಂಡೇಲಿ, ಹಳಿಯಾಳ, ಖಾನಾಪುರ ಕಾಡಿನ ವಯಸ್ಸಾದ ಮರ. ಅದರಲ್ಲಿ ಚೇಗು, ಅಂದರೆ ಒಳಗಿನ ಬಲಿತ ಗಾಢ ಬಣ್ಣದ ಮರ ಜಾಸ್ತಿ, ಬಿಳಿ ಭಾಗ ತೆಳು. ಈಗ ಅಂಗಡಿಗೆ ಬರುವುದರಲ್ಲಿ ಬಹುಪಾಲು ತೋಟದಲ್ಲಿ ಬೆಳೆಸಿದ ಎಳೆಯ ಮರ. ಘಾನಾ, ಈಕ್ವೆಡಾರ್, ಪನಾಮಾದಂಥ ದೇಶಗಳಿಂದಲೂ ಬರುತ್ತದೆ. ಬರ್ಮಾ ಸಾಗವಾನಿ ಅಂತ ಈಗಲೂ ಕೆಲವರು ಹೆಸರು ಹೇಳಿ ಮಾರುತ್ತಾರೆ. ಆದರೆ ಮ್ಯಾನ್ಮಾರ್ ದುಂಡು ಮರದ ರಫ್ತನ್ನು 2014ರಲ್ಲೇ ನಿಲ್ಲಿಸಿತು. ಆ ಹೆಸರು ಕೇಳಿ ಜಾಸ್ತಿ ದುಡ್ಡು ಕೊಡಬೇಡಿ. ತೋಟದ ಸಾಗವಾನಿ ಕೆಟ್ಟದ್ದೇನಲ್ಲ. ಅದರಲ್ಲಿ ಆರಿಸಿ ತರಬೇಕು, ಅಷ್ಟೇ.

'ತೂಕ ಇದ್ದರೆ ಗಟ್ಟಿ ಮರ' ಅನ್ನುವುದನ್ನೂ ಹುಷಾರಾಗಿ ನೋಡಿ. ಒಂದೇ ಅಳತೆಯ ಎರಡು ಸಾಗವಾನಿ ಹಲಗೆಗಳಲ್ಲಿ ಒಂದು ಎದ್ದು ಕಾಣುವಷ್ಟು ಭಾರವಿದ್ದರೆ, ಬಹಳ ಸಲ ಅದರಲ್ಲಿ ಜಾಸ್ತಿ ಇರುವುದು ನೀರು.

ಇನ್ನು ಬೇವು. ಬೇವಿಗೆ ಹುಳ ಬೀಳಲ್ಲ ಅನ್ನುವುದು ಅರ್ಧ ನಿಜ. ಒಳಗಿನ ಕೆಂಪು ಚೇಗಿಗೆ ಅದು ಸರಿ. ಹೊರಗಿನ ಬೂದು-ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ. ಕುಟ್ಟೆ ಹುಳಕ್ಕೆ ಬೇಕಾದದ್ದು ಅದೇ. ನಿಮ್ಮ ಹಲಗೆಯಿಂದ ಉದುರುವ ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ. ಮೈದಾ ಹಿಟ್ಟಿನಷ್ಟು ನುಣುಪಾಗಿದ್ದು, ತೂತುಗಳು ಒಂದೆರಡು ಮಿಲಿಮೀಟರ್ ಅಗಲದ ದುಂಡಗಿನವಾಗಿದ್ದರೆ ಅದು ಕುಟ್ಟೆಯೇ. ತೂತು ಬರೀ ಬಿಳಿ ಭಾಗದಲ್ಲಿದ್ದು, ಕೆಂಪು ಭಾಗಕ್ಕೆ ಬಂದ ಕೂಡಲೇ ನಿಂತಿರುವುದು ಕಾಣುತ್ತದೆ. ಒರಲೆ ಹಿಡಿದಿದ್ದರೆ ಹೀಗಿರುವುದಿಲ್ಲ, ಮಣ್ಣಿನ ಗೆರೆ ಇರುತ್ತದೆ.

ಅಮಾವಾಸ್ಯೆಗೆ ಕಡಿದರೆ ಹುಳ ಬೀಳಲ್ಲ ಅಂತಲೂ ನಮ್ಮ ಕಡೆ ಹೇಳುತ್ತಾರೆ. ಚಂದ್ರನನ್ನು ನಂಬಿ ಕೂರುವುದು ಬೇಡ. ಆದರೆ ಹಿರಿಯರ ಇನ್ನೊಂದು ಪದ್ಧತಿ ನೂರಕ್ಕೆ ನೂರು ಸರಿ: ಕಡಿದ ದಿಮ್ಮಿಯನ್ನು ಬಾವಿಯಲ್ಲೋ ಹೊಂಡದಲ್ಲೋ ಕೆಲವು ತಿಂಗಳು ಮುಳುಗಿಸಿಡುವುದು. ಬಿಳಿ ಭಾಗದ ಪಿಷ್ಟ, ಸಕ್ಕರೆ ನೀರಿನಲ್ಲಿ ಕೊಳೆತು ಹೋಗುತ್ತವೆ. ಹುಳಕ್ಕೆ ಊಟ ಸಿಗುವುದಿಲ್ಲ. ಹೊಲದಲ್ಲಿ ಮತ್ತೊಂದು ಮರ ಬಿದ್ದರೆ ಹೀಗೆ ಮಾಡಿಸಿ.

ಈಗಿರುವ ಬೇವಿನ ಹಲಗೆಗೆ ಏನು ಮಾಡುವುದು? ಬಿಳಿ ಭಾಗ ತೆಳ್ಳಗಿದ್ದರೆ ಗರಗಸದಿಂದ ಪೂರ್ತಿ ಸೀಳಿ ತೆಗೆದು ಸುಟ್ಟುಬಿಡಿ. ಅದಕ್ಕಿಂತ ಖಚಿತ ಉಪಾಯ ಇಲ್ಲ. ಉಳಿಸಿಕೊಳ್ಳಲೇಬೇಕೆಂದರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬಳಸಬಹುದು. ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಪಾಲಿಶ್ ಇಲ್ಲದ ಹಲಗೆಯನ್ನು ಅದರಲ್ಲಿ ಮುಳುಗಿಸಿಡಿ. ಆಗದಿದ್ದರೆ ಬ್ರಷ್‌ನಿಂದ ನಾಲ್ಕಾರು ಸಲ ಹಚ್ಚಿ. ಕೈಗವಸು ಹಾಕಿಕೊಳ್ಳಿ, ಮಕ್ಕಳು ಮತ್ತು ದನಕರುಗಳಿಂದ ಆ ನೀರನ್ನು ದೂರ ಇಡಿ. ಬ್ರಷ್‌ನಿಂದ ಹಚ್ಚಿದ್ದು ಒಳಗೆ ಆಳಕ್ಕೆ ಇಳಿಯುವುದಿಲ್ಲ, ಒಳಗಿರುವ ಮರಿಹುಳ ಕೆಲವು ಉಳಿಯಬಹುದು. ಮಳೆಗೆ ಸಿಕ್ಕರೆ ಈ ಔಷಧಿ ತೊಳೆದು ಹೋಗುತ್ತದೆ, ಹಾಗಾಗಿ ಮನೆಯೊಳಗಿನ ಸಾಮಾನಿಗೆ ಮಾತ್ರ. ಆಟಿಕೆ, ತರಕಾರಿ ಹೆಚ್ಚುವ ಮಣೆ, ಲಟ್ಟಣಿಗೆಗೆ ಬೇಡವೇ ಬೇಡ. ಹುಳ ಹಿಡಿದ ಹಲಗೆಯನ್ನು ಟೀಪಾಯಿಯ ಪಕ್ಕದಲ್ಲೂ ಇಡಬೇಡಿ. ಅದರಲ್ಲಿ ಬಿಳಿ ಪಟ್ಟಿ ಇದೆ, ನೆನಪಿರಲಿ.

ಕಟ್ಟಿಗೆ ಎಲ್ಲಿ ಹುಡುಕಬೇಕು

ಹವ್ಯಾಸಿಗಳು ಮೊದಲು ಹೋಗಬೇಕಾದದ್ದು ದೊಡ್ಡ ಅಡ್ಡೆಗಲ್ಲ. ಬಾಗಿಲು-ಚೌಕಟ್ಟು ಮಾಡುವ ಬಡಿಗೇರರ ಅಂಗಡಿಗೆ. ಒಂದು ಮನೆಯ ಕೆಲಸ ಮುಗಿದಾಗ ಅಲ್ಲಿ ಒಂದಡಿಯಿಂದ ಮೂರಡಿವರೆಗಿನ ಸಾಗವಾನಿ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಚೌಕಟ್ಟಿಗೆ ಆರಿಸಿದ ಮರವಾದ್ದರಿಂದ ಬಿಳಿ ಭಾಗ ಕಡಿಮೆ. ಅಂಗಡಿಯಲ್ಲೇ ತಿಂಗಳುಗಟ್ಟಲೆ ಬಿದ್ದು ನಿಮ್ಮ ಊರಿನ ಹವೆಗೆ ಒಗ್ಗಿರುತ್ತವೆ. ಪೆಟ್ಟಿಗೆ, ಮಣೆ, ಸ್ಟೂಲ್, ಫೋಟೋ ಚೌಕಟ್ಟು, ಎಲ್ಲಕ್ಕೂ ಇದೇ ಸಾಕು. ಬಡಿಗೇರರ ಜೊತೆ ಒಂದು ಒಳ್ಳೆಯ ಪರಿಚಯ ಬೆಳೆಸಿಕೊಳ್ಳಿ. 'ಕಾಕಾ, ಒಳ್ಳೆ ತುಂಡು ಬಂದರೆ ನನಗೆ ತೆಗೆದಿಡಿ' ಅಂದರೆ ತೆಗೆದಿಡುತ್ತಾರೆ. ನಿಮ್ಮ ಹಲಗೆ ಯಂತ್ರದಲ್ಲಿ ಕೀಸಿಕೊಳ್ಳಲೂ ಅವರೇ ಬೇಕಾಗುತ್ತಾರೆ.

ಎರಡನೆಯದು ಹಳೇ ಮನೆಯ ಕಟ್ಟಿಗೆ. ಈ ವಿಷಯದಲ್ಲಿ ಬಾಗಲಕೋಟೆ, ವಿಜಯಪುರದವರು ನಿಜಕ್ಕೂ ಅದೃಷ್ಟವಂತರು. ಮಣ್ಣಿನ ಮಾಳಿಗೆ ಮನೆಗಳ ತೊಲೆ, ಜಂತಿ, ಕಂಬ, ಬಾಗಿಲು ಎಲ್ಲಾ ಮರದವು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ದೊಡ್ಡ ಭಾಗ ಹೋಗಿ ನವನಗರ ಎದ್ದ ಕಾಲದಲ್ಲಿ ಬಿಚ್ಚಿದ ಮನೆಗಳ ಎಷ್ಟೋ ಕಟ್ಟಿಗೆ ಕೈಯಿಂದ ಕೈಗೆ ದಾಟಿದೆ. ಈಗಲೂ ಹಳ್ಳಿಗಳಲ್ಲಿ ಮಾಳಿಗೆ ಕೆಡವಿ ಆರ್‌ಸಿಸಿ ಹಾಕುವಾಗೆಲ್ಲ ಕಟ್ಟಿಗೆ ಹೊರಬರುತ್ತದೆ. ಆ ಕಾಲದ ಸಾಗವಾನಿ, ಮತ್ತಿಯ ಚೇಗು ಇವತ್ತು ಹೊಸದಾಗಿ ಕೊಳ್ಳಲು ಸಿಗುವುದೇ ಕಷ್ಟ. ಒಂದು ಹಳೇ ಜಂತಿಯ ತುದಿಯನ್ನು ಅರ್ಧ ಇಂಚು ಕೊಯ್ದು ನೋಡಿ. ಹೊರಗೆ ಹೊಗೆ ಹಿಡಿದು ಕಪ್ಪಾಗಿರುತ್ತದೆ, ಒಳಗೆ ಉಂಗುರಗಳು ಒತ್ತೊತ್ತಾಗಿ, ಬಣ್ಣ ಜೇನಿನ ಹಾಗೆ ಹೊಳೆಯುತ್ತದೆ. ಈ ಮರವನ್ನು ಒಲೆಗೆ ಹಾಕುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಅಪಾಯಗಳೂ ಇವೆ. ಒಳಗೆ ಮುರಿದ ಮೊಳೆ ಇರುತ್ತದೆ, ಅದು ಗರಗಸದ ಹಲ್ಲನ್ನೂ ಮುರಿಯುತ್ತದೆ, ಕಣ್ಣಿಗೂ ಹಾರುತ್ತದೆ. ಲೋಹ ಪತ್ತೆ ಮಾಡುವ ಕೈಯಂತ್ರ ಇಲ್ಲದಿದ್ದರೆ ಗಟ್ಟಿ ಅಯಸ್ಕಾಂತವನ್ನು ಮೇಲ್ಮೈ ಮೇಲೆ ಆಡಿಸಿ. ತುಕ್ಕಿನ ಕಪ್ಪು ಕಲೆ ಇರುವಲ್ಲಿ ಅನುಮಾನಪಡಿ. ಹಳೇ ಬಾಗಿಲಿನ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಮನೆಯೊಳಗೆ ಉಜ್ಜುಕಾಗದದಿಂದ ತಿಕ್ಕಿ ಧೂಳೆಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಗೋಡೆಯೊಳಗೆ ಹೂತಿದ್ದ ತುದಿ ಮೆತ್ತಗಾಗಿರುತ್ತದೆ, ಒಂದಡಿ ಕೊಯ್ದು ಬಿಡಿ. ಇನ್ನೊಂದು ತಪ್ಪು ತಿಳಿವಳಿಕೆ: ಹಳೇ ಮರ ಅಂದರೆ ಒಣಗಿಯೇ ಇರುತ್ತದೆ ಅನ್ನುವುದು. ಆರಿಂಚು ದಪ್ಪದ ತೊಲೆ ಬಯಲಲ್ಲಿ ಎರಡು ಮಳೆಗಾಲ ಬಿದ್ದಿದ್ದರೆ ಅದೂ ನೀರು ಕುಡಿದಿರುತ್ತದೆ. ಹಲಗೆ ಸೀಳಿಸಿದ ಮೇಲೆ ಕೆಲವು ವಾರ ಪೇರಿಸಿಡಲೇಬೇಕು.

ಕಟ್ಟಿಗೆ ಅಡ್ಡೆ, ಸಾ ಮಿಲ್ಲುಗಳು ಮೂರನೆಯವು. ಉದ್ದ, ಅಗಲ ಬೇಕಾದಾಗ ಅಲ್ಲಿಗೇ ಹೋಗಬೇಕು. ಹೇಗೆ ಆರಿಸಬೇಕು ಅಂತ ಮುಂದೆ ಹೇಳುತ್ತೇನೆ.

ಅರಣ್ಯ ಇಲಾಖೆಯ ಡಿಪೋಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ದಾಂಡೇಲಿಯ ಡಿಪೋ ಹೆಸರುವಾಸಿ. ಅಲ್ಲಿ ಮರ ಹರಾಜಿನಲ್ಲಿ ಹೋಗುತ್ತದೆ, ದುಂಡು ದಿಮ್ಮಿಗಳ ಲಾಟ್ ಲೆಕ್ಕದಲ್ಲಿ. ಒಬ್ಬ ಹವ್ಯಾಸಿಗೆ ಅದು ಜಾಸ್ತಿ. ನಾಲ್ಕೈದು ಜನ ಸೇರಿದರೆ ಯೋಚಿಸಬಹುದು. ಆದರೆ ದಿಮ್ಮಿಯ ಅಳತೆ ಗೊತ್ತಿರಲಿ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ನಾಲ್ಕಡಿ ಸುತ್ತು, ಎಂಟಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 8 ಘನ ಅಡಿ. ನಿಜವಾದ ಗಾತ್ರ 10ಕ್ಕಿಂತ ತುಸು ಜಾಸ್ತಿ. ಲಾಭವಾಯಿತು ಅಂತ ಖುಷಿಪಡಬೇಡಿ. ಸೀಳಿ, ಬಿಳಿ ತೆಗೆದು, ಬಿರುಕು ಬಿಟ್ಟರೆ ಒಳ್ಳೆಯ ಹಲಗೆ ಅರ್ಧ ಕೈಗೆ ಬಂದರೂ ದೊಡ್ಡದು. ಮತ್ತೆ ಆ ಹಸಿ ಮರವನ್ನು ಒಣಗಿಸುವ ಕೆಲಸ ನಿಮ್ಮದೇ.

ಇನ್ನು ಹೊಲದ ಮರಗಳು. ಬೇವಿನ ಚೇಗು ಕಪಾಟು, ಪೆಟ್ಟಿಗೆಗೆ ಚೆನ್ನಾಗಿರುತ್ತದೆ. ಜಾಲಿ ಗಟ್ಟಿ ಮರ. ಕೊಡತಿ, ಉಳಿಯ ಹಿಡಿಕೆಗೆ ಅದಕ್ಕಿಂತ ಒಳ್ಳೆಯದು ಹುಡುಕಬೇಕಿಲ್ಲ. ಮಾವು ಅಗ್ಗ, ನೋಡಲು ಚೆಂದ, ಆದರೆ ಹುಳಕ್ಕೆ ಬಲು ಬೇಗ ಬಲಿಯಾಗುತ್ತದೆ. ನೀಲಗಿರಿ ಒಣಗುವಾಗ ಬಿರಿಯುತ್ತದೆ, ತಿರುಚುತ್ತದೆ, ಹೊಸಬರು ಅದರ ಸಹವಾಸಕ್ಕೆ ಹೋಗಬೇಡಿ.

ಇಲ್ಲಿ ಒಂದು ಮರದ ಪರವಾಗಿ ನಾನು ಮಾತಾಡಲೇಬೇಕು: ಬಳ್ಳಾರಿ ಜಾಲಿ. ರಸ್ತೆ ಬದಿ, ಹಳ್ಳದ ದಂಡೆ, ಪಾಳುಬಿದ್ದ ಹೊಲ, ಎಲ್ಲಿ ನೋಡಿದರೂ ಇದೆ. ಇದ್ದಿಲಿಗೂ ಇಟ್ಟಿಗೆ ಭಟ್ಟಿಗೂ ಹೋಗುತ್ತದೆ. ಆದರೆ ಅದರ ಕೆಂಗಂದು ಚೇಗು ಹವೆ ಬದಲಾದಾಗ ತೀರಾ ಕಡಿಮೆ ಕುಗ್ಗುವ ಮರಗಳಲ್ಲಿ ಒಂದು. ಈ ಗುಣ ನಮ್ಮ ಹವೆಗೆ ಹೇಳಿ ಮಾಡಿಸಿದಂತಿದೆ. ಉದ್ದ ಹಲಗೆ ಸಿಗುವುದಿಲ್ಲ, ಮರ ಸೊಟ್ಟ, ಬಿಳಿ ಭಾಗಕ್ಕೆ ಕುಟ್ಟೆ ಬೀಳುತ್ತದೆ, ಧೂಳು ಮೂಗು-ಗಂಟಲಿಗೆ ಕಿರಿಕಿರಿ, ಮಾಸ್ಕ್ ಬೇಕೇ ಬೇಕು. ಆದರೂ ತೊಡೆ ಗಾತ್ರದ ಒಂದು ತುಂಡು ಸಿಕ್ಕರೆ ಸಣ್ಣ ಪೆಟ್ಟಿಗೆ ಮಾಡಿ ನೋಡಿ. ಪಾಲಿಶ್ ಆದ ಮೇಲೆ ಬೀಟೆಯಾ ಅಂತ ಕೇಳುವವರನ್ನು ನಾನು ಕಂಡಿದ್ದೇನೆ.

ಕಲಿಯುವ ಕೈಗೆ ಪೈನ್ ಕೂಡ ಒಳ್ಳೆಯದು. ಬೆಳಗಾವಿಯ ಉದ್ಯಮಬಾಗ್ ಕಡೆಯ ಕಾರ್ಖಾನೆಗಳಿಗೆ ಯಂತ್ರಗಳು ಬರುವ ಪೆಟ್ಟಿಗೆ, ಪ್ಯಾಲೆಟ್‌ಗಳ ಹಲಗೆ ಹಳೇ ಸಾಮಾನಿನವರ ಹತ್ತಿರ ಸಿಗುತ್ತದೆ. ಹೊರದೇಶದಿಂದ ಬಂದದ್ದರ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಅಂತಿದ್ದರೆ ಮರದ ಒಳಭಾಗವನ್ನೂ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿದ್ದಾರೆ ಅಂತ ಅರ್ಥ, ಬಳಸಬಹುದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು, ಬಿಟ್ಟುಬಿಡಿ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೂ ಬೇಡ.

ಕಾಯಿದೆಯ ಮಾತು ಒಂದೆರಡು. ರಾತ್ರಿ ಅಗ್ಗಕ್ಕೆ ಬರುವ ಕಾಡಿನ ಸಾಗವಾನಿ, ಬೀಟೆ, ಮತ್ತಿ, ಎಷ್ಟೇ ಚೆನ್ನಾಗಿದ್ದರೂ ಮುಟ್ಟಬೇಡಿ. ಕರ್ನಾಟಕ ಅರಣ್ಯ ಕಾಯಿದೆಯಡಿ ಮರದ ಜೊತೆ ಸಾಗಿಸಿದ ಗಾಡಿಯನ್ನೂ ಜಪ್ತಿ ಮಾಡಬಹುದು. ಅಂಗಡಿಯಲ್ಲಿ ತಂದರೆ ಬಿಲ್ ಇಟ್ಟುಕೊಳ್ಳಿ. ಸ್ವಂತ ಹೊಲದ ಮರವೇ ಆದರೂ ಕಡಿಯುವ, ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಕೆಲವು ಜಾತಿಗೆ ಅನುಮತಿ, ಪಾಸು ಬೇಕು, ಕೆಲವಕ್ಕೆ ವಿನಾಯಿತಿ ಇದೆ.

ಅಡ್ಡೆಯಲ್ಲಿ ನಿಂತು ನೋಡಬೇಕಾದ್ದು

ಹಲಗೆಯ ಮುಖ ನೋಡಿ ಮರುಳಾಗಬೇಡಿ, ತುದಿ ನೋಡಿ. ಉಂಗುರಗಳು ನಿಂತಿದ್ದರೆ ಮೊದಲ ಆಯ್ಕೆ ಅದೇ. ನಡುವಿನ ತಿರುಳು ಹಲಗೆಯಲ್ಲೇ ಇದ್ದರೆ ಬಿಡಿ, ಅದು ಬಿರಿಯದೆ ಇರುವುದಿಲ್ಲ. ಹಲಗೆಯ ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನುದ್ದಕ್ಕೂ ನೋಡಿ. ಸ್ವಲ್ಪ ಬಾಗಿದ್ದರೆ ಕೀಸಿ ಸರಿ ಮಾಡಬಹುದು. ತಿರುಚಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಅನುಮತಿ ಕೇಳಿ ಸಣ್ಣ ರಂದಾದಿಂದ ಮೂಲೆಯಲ್ಲಿ ಒಂದೆಳೆ ಕೀಸಿ. ಬಣ್ಣ ಬಳಿದು ಬಿಳಿ ಭಾಗ ಮುಚ್ಚಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಾಗವಾನಿಯ ಹೊಸ ಮೈ ಮುಟ್ಟಿದರೆ ಸ್ವಲ್ಪ ಎಣ್ಣೆ ಎಣ್ಣೆ ಅನ್ನಿಸುತ್ತದೆ, ಹಳೇ ಚರ್ಮದಂಥ ವಾಸನೆ ಬರುತ್ತದೆ.

ತೇವ ಅಳೆಯುವ, ಎರಡು ಮುಳ್ಳಿನ ಸಣ್ಣ ಮೀಟರ್ ಒಂದನ್ನು ದಯವಿಟ್ಟು ತಗೊಳ್ಳಿ. ಹೊಸ ಉಳಿಗಿಂತ ಮೊದಲು ಅದು ಬೇಕು. ತುದಿಯಲ್ಲಿ ಚುಚ್ಚಿ ನೋಡಬೇಡಿ, ತುದಿ ಯಾವಾಗಲೂ ಒಣಗಿರುತ್ತದೆ. ಹಲಗೆಯ ನಡುವೆ ನೋಡಿ. ವಿಜಯಪುರಕ್ಕೆ ಶೇ. 8ರಿಂದ 10, ಬೆಳಗಾವಿಗೆ 10ರಿಂದ 12 ಬಂದರೆ ಕೆಲಸಕ್ಕೆ ತಯಾರು. ಸೀಸನಿಂಗ್ ಆಗಿದೆ ಅಂತ ಅಂಗಡಿಯವರು ಹೇಳಿದರೂ ಚುಚ್ಚಿ ನೋಡಿ. ಭಟ್ಟಿಯಿಂದ ಒಣಗಿ ಬಂದ ಹಲಗೆಯೂ ಮಳೆಗಾಲದಲ್ಲಿ ತಗಡಿನ ಕೆಳಗಿದ್ದರೆ ಮತ್ತೆ ತೇವ ಹೀರಿರುತ್ತದೆ.

ಮೀಟರ್ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ತುದಿಯಿಂದ ಒಂದಡಿ ಒಳಗೆ ಒಂದು ಸಣ್ಣ ತುಂಡು ಕೊಯ್ದು ಕೂಡಲೇ ತೂಗಿ. ಕೇಕ್ ಮಾಡುವ ಓವನ್‌ನಲ್ಲಿ 103 ಡಿಗ್ರಿಯ ಆಸುಪಾಸು ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 120 ಗ್ರಾಂ ಇದ್ದದ್ದು 104ಕ್ಕೆ ನಿಂತರೆ, ಹೋದ ನೀರು 16 ಗ್ರಾಂ. 16ನ್ನು 104ರಿಂದ ಭಾಗಿಸಿ. ಶೇ. 15 ದಾಟಿತು, ಅಂದರೆ ಇನ್ನೂ ಕಾಯಬೇಕು.

ಕಾಯುವುದು ಎಲ್ಲಿ? ನೀವು ಆ ಸಾಮಾನು ಇಡುವ ಊರಿನಲ್ಲೇ. ಹಲಗೆ ಎಲ್ಲಿಂದಾದರೂ ತನ್ನಿ, ಕೊನೆಯ ಒಣಗುವಿಕೆ ನಿಮ್ಮ ಮನೆಯಲ್ಲೇ ಆಗಲಿ. ನೆಲದಿಂದ ಒಂದಡಿ ಎತ್ತರಕ್ಕೆ, ನೆರಳಿನಲ್ಲಿ ಪೇರಿಸಿ. ಹಲಗೆ-ಹಲಗೆ ನಡುವೆ ಒಂದಿಂಚಿನ ಒಣ ಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ ಇಡಿ. ಕೆಳಗಿನಿಂದ ಮೇಲಿನವರೆಗೆ ಪಟ್ಟಿಗಳು ಒಂದರ ನೇರಕ್ಕೆ ಒಂದಿರಬೇಕು, ಇಲ್ಲದಿದ್ದರೆ ಹಲಗೆ ಅಲ್ಲೇ ಬಾಗುತ್ತದೆ. ಮೇಲೆ ನಾಲ್ಕಾರು ಕಲ್ಲು ಹೇರಿ. ತುದಿಗಳಿಗೆ ಮೇಣ ಅಥವಾ ಎಣ್ಣೆಬಣ್ಣ ಬಳಿಯಿರಿ. ಮಾರ್ಚ್‌ನಿಂದ ಮೇವರೆಗೆ ನಿಮ್ಮಲ್ಲಿ ಬೀಸುವ ಬಿಸಿಗಾಳಿ ನೇರ ಬಡಿದರೆ ಮೇಲ್ಮೈ ಬಿರಿಯುತ್ತದೆ, ಗಾಳಿ ಬರುವ ಕಡೆ ಗೋಣಿತಟ್ಟು ಕಟ್ಟಿ. ಮಾಳಿಗೆ ಮೇಲೆ ತಗಡಿನ ಕೆಳಗೆ ಇಡಬೇಡಿ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಚಳಿ ದೇಶಗಳ ಲೆಕ್ಕ, ನಮ್ಮ ಒಣ ಸೀಮೆಯಲ್ಲಿ ಅಷ್ಟು ಬೇಕಾಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದೇ ಹಲಗೆಯನ್ನು ತೂಗಿ ಬರೆದಿಡಿ. ಎರಡು-ಮೂರು ಸಲ ಒಂದೇ ತೂಕ ಬಂದರೆ ಅದು ನಿಮ್ಮ ಊರಿನ ಹವೆಗೆ ಬಂದು ನಿಂತಿದೆ.

ಟೀಪಾಯಿ ಮತ್ತು ಕಪಾಟು

ಟೀಪಾಯಿ ಎಸೆಯಬೇಡಿ. ಬೇಸಿಗೆಯಲ್ಲಿ ಬಿದ್ದ ಸೀಳಿಗೆ ಈಗ ಲಪ್ಪ (ಪುಟ್ಟಿ) ತುಂಬಬೇಡಿ. ಮಳೆಗಾಲದಲ್ಲಿ ಮರ ಹಿಗ್ಗಿದಾಗ ಆ ತುಂಬಿದ್ದೇ ಬೆಣೆಯಾಗಿ ಇನ್ನಷ್ಟು ಹರಿಯುತ್ತದೆ. ಸ್ಕ್ರೂ ತೆಗೆದು, ತೆಳ್ಳನೆಯ ಗರಗಸದಿಂದ ಅಂಟು ಕೊಯ್ದು ಮೇಲಿನ ಹಲಗೆ ಬಿಡಿಸಿ. ಎರಡೂ ಬದಿಗೆ ಗಾಳಿಯಾಡುವಂತೆ ಮೂರ್ನಾಲ್ಕು ವಾರ ಬಿಡಿ. ಆಮೇಲೆ ಸೀಳಿನ ಉದ್ದಕ್ಕೂ ಕೊಯ್ದು, ಎರಡೂ ಅಂಚು ಕೀಸಿ, ಮತ್ತೆ ಅಂಟಿಸಿ. ಬಿಳಿ ಪಟ್ಟಿಯನ್ನೂ ಆಗಲೇ ಕೊಯ್ದು ತೆಗೆಯಿರಿ, ಟೀಪಾಯಿ ಸ್ವಲ್ಪ ಕಿರಿದಾದರೂ ಸರಿ. ಈ ಸಲ ಚೌಕಟ್ಟಿಗೆ ಅಂಟು ಹಾಕಲೇಬಾರದು. ಅಡ್ಡಪಟ್ಟಿಯ ನಡುವಿನ ಸ್ಕ್ರೂ ಮಾತ್ರ ಬಿಗಿ ಇರಲಿ. ಅಂಚಿನ ಕಡೆಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ, ವಾಷರ್ ಹಾಕಿ ಹದವಾಗಿ ತಿರುಗಿಸಿ. ಹಲಗೆ ಹಿಗ್ಗಲಿ, ಕುಗ್ಗಲಿ, ಸ್ಕ್ರೂ ಅದರ ಜೊತೆ ಸರಿಯುತ್ತದೆ.

ಕಪಾಟಿಗೆ ಎಷ್ಟು ಕಟ್ಟಿಗೆ ಬೇಕು ಅಂತ ಲೆಕ್ಕ ಹಾಕಿಕೊಂಡೇ ಹೋಗಿ. ಇಂಚಿನಲ್ಲಿ ದಪ್ಪ, ಇಂಚಿನಲ್ಲಿ ಅಗಲ, ಅಡಿಯಲ್ಲಿ ಉದ್ದ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ನಾಲ್ಕಡಿ ಎತ್ತರ, ಎರಡೂವರೆ ಅಡಿ ಅಗಲ, ಹತ್ತಿಂಚು ಆಳದ ಕಪಾಟು ಅಂದುಕೊಳ್ಳಿ. ಎರಡು ಬದಿ, ನಾಲ್ಕು ಅಡ್ಡ ಹಲಗೆ ಸೇರಿ 18 ಅಡಿ ಉದ್ದ, ಒಂದಿಂಚು ದಪ್ಪ. ಒಟ್ಟು 1.25 ಘನ ಅಡಿ. ಕೊಯ್ದು, ಕೀಸಿ, ಬಿಳಿ ತೆಗೆದು ಹೋಗುವುದಕ್ಕೆ ಮೂರನೇ ಒಂದು ಭಾಗ ಸೇರಿಸಿ, 1.7 ಘನ ಅಡಿ ತನ್ನಿ. ಒಂದಿಂಚಿನ ಹಲಗೆ ಎರಡೂ ಮುಖ ಕೀಸಿದ ಮೇಲೆ ಮುಕ್ಕಾಲು ಇಂಚಿನ ಹತ್ತಿರ ಉಳಿಯುತ್ತದೆ, ಅದನ್ನು ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ. ಹತ್ತಿಂಚಿನ ಒಂದೇ ಹಲಗೆಗೆ ಹಟ ಹಿಡಿಯಬೇಡಿ. ಉಂಗುರ ನಿಂತಿರುವ ಐದೈದು ಇಂಚಿನ ಎರಡು ಹಲಗೆ ಜೋಡಿಸಿದರೆ ಅದೇ ಹೆಚ್ಚು ನೆಟ್ಟಗಿರುತ್ತದೆ, ದರವೂ ಕಡಿಮೆ ಬೀಳುತ್ತದೆ. ಹಿಂಬದಿಗೆ ಪ್ಲೈವುಡ್ ಹಾಕಿ.

ತರುವುದು ಯಾವಾಗ ಅಂದರೆ, ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್-ಜನವರಿಯಲ್ಲಿ. ಪೇರಿಸಿಟ್ಟು, ತೂಕ ನಿಂತ ಮೇಲೆ ಫೆಬ್ರವರಿ ಕೊನೆಗೋ ಮಾರ್ಚ್‌ಗೋ ಗರಗಸ ಹಚ್ಚಿ. ಬೇವಿನ ಹಲಗೆಯಲ್ಲಿ ಕೆಂಪು ಚೇಗು ಎಷ್ಟು ಉಳಿಯುತ್ತದೋ ನೋಡಿಕೊಂಡು ಅಡ್ಡ ಹಲಗೆಗೆ ಅದನ್ನೇ ಬಳಸಿ. ಆಗ ಅಡ್ಡೆಯಿಂದ ಬದಿಯ ಹಲಗೆಗಳನ್ನಷ್ಟೇ ತಂದರೆ ಸಾಕು.